ಕಾಯದೆ ಒಂದಾಯಿತು, ಸಣ್ಣ ಊರಿನ ನಕಾಶೆ ಎಲ್ಲಿ?

ಹೊನ್ನಾಳಿಯ ಹೊಳೆದಂಡೆಗೆ 1956ರ ಪೂರ್ವದಲ್ಲಿ ಮುಂಬಯಿ ಪ್ರಾಂತದ ಸೀಮೆ ದೂರವಿರಲಿಲ್ಲ. ಜಗಳೂರಿನ ಮಗ್ಗುಲಿನ ಕೂಡ್ಲಿಗಿಯು 1953ರ ವರೆಗೆ ಮದ್ರಾಸಿಗೆ ಸೇರಿತ್ತು. ಚನ್ನಗಿರಿ, ನ್ಯಾಮತಿಗಳು ಮೈಸೂರಿನವು. ಒಂದೇ ನುಡಿಯ ಜನಕ್ಕೆ ಮೂರು ಸರಕಾರ. ಬೀದಿಯ ಗೆರೆ ಎಳೆಯುವದಕ್ಕೂ ಮೂರು ಬಗೆಯ ನಿಯಮ! ಮುಂಬಯಿಗೆ 1915ರ ನಗರರಚನಾ ಕಾಯದೆಯಿದ್ದಿತು, ಮದ್ರಾಸಿಗೆ 1920ರದು. ಮೈಸೂರು ಸಂಸ್ಥಾನವಾದರೋ 1903ರಲ್ಲಿ ಮೈಸೂರಿಗೂ 1945ರಲ್ಲಿ ಬೆಂಗಳೂರಿಗೂ ನಗರಸುಧಾರಣಾ ಮಂಡಳಿಗಳನ್ನು ದಯಪಾಲಿಸಿತು. ಚನ್ನಗಿರಿಯಂಥ ಊರು ಯಾರ ಲೆಕ್ಕಕ್ಕೂ ಬರಲಿಲ್ಲ.

ಏಕೀಕರಣವಾದ ಮೇಲೆ 1961ರಲ್ಲಿ ಇಡಿಯ ರಾಜ್ಯಕ್ಕೆ ಒಂದೇ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯದೆಯಾಯಿತು; 1965ರಲ್ಲಿ ಅದು ಜಾರಿಗೆ ಬಂದಿತು. ಇದು ಏಕೀಕರಣದ ಫಲವೆಂದು ನಾವು ಸಂತೋಷದಿಂದಲೇ ಒಪ್ಪುವೆವು. ಆದರೆ ಈ ಕಾಯದೆಯು ತಾನಾಗಿ ಯಾವ ಊರಿನ ಬಾಗಿಲನ್ನೂ ತಟ್ಟುವದಿಲ್ಲ. ಸರಕಾರವು ಮೊದಲು ಆ ಊರನ್ನು ‘ಸ್ಥಳೀಯ ಯೋಜನಾ ಪ್ರದೇಶ’ವೆಂದು ಸಾರಬೇಕು, ಆ ಬಳಿಕವೇ ಮಹಾಯೋಜನೆ, ಹತ್ತು ವರುಷಕ್ಕೊಮ್ಮೆ ಅದರ ಪರಿಷ್ಕರಣ. ಸಾರದಿದ್ದರೆ? ಹೊಲದ ಒಡೆಯನು 1964ರ ಭೂಕಂದಾಯ ಕಾಯದೆಯ 95ನೆಯ ಕಲಮಿನ ಮೇರೆಗೆ ಭೂಪರಿವರ್ತನೆ ಮಾಡಿಸಿಕೊಳ್ಳುವನು. ಇವನ ಬಡಾವಣೆಯ ದಾರಿ ನೆರೆಯವನ ಬೇಲಿಗೆ ಬಂದು ಮುಗಿಯುವದು. ಇವನ ಗಟಾರದ ನೀರು ಅವನ ಅಡಿಕೆಯ ತೋಟಕ್ಕೆ ಇಳಿಯುವದು. ಪ್ರತಿಯೊಂದು ತುಂಡೂ ಕಾಗದದಲ್ಲಿ ಸರಿ. ಎಲ್ಲ ಕೂಡಿದರೆ ಊರೇ ಅಲ್ಲ.

“ದೊಡ್ಡ ಪಟ್ಟಣಗಳದಾಗಲಿ, ಸಣ್ಣವು ಬೆಳೆದ ಮೇಲೆ ನೋಡೋಣ” ಎನ್ನುವ ಮಹನೀಯರುಂಟು. ಮನೆಗಳೆದ್ದ ಮೇಲೆ ಯಾವ ನಕಾಶೆ ಬೀದಿಯನ್ನು ಅಗಲಿಸೀತು? ಆಗ ಉಳಿಯುವದು ಗೋಡೆ ಕೆಡಹುವ ಕೆಲಸವೊಂದೇ, ಮತ್ತು ಅದರ ವ್ಯಾಜ್ಯ. ನಕಾಶೆಯ ವೆಚ್ಚ ಕಡಿಮೆಯಿರುವದು ಊರು ಸಣ್ಣದಿರುವಾಗಲೇ ಎಂಬುದು ಈ ಮಹನೀಯರಿಗೆ ಹೊಳೆಯದಿರುವದೇ ಸೋಜಿಗ.

ಗುಜರಾತನ್ನು ನೋಡಿರಿ. ಮುಂಬಯಿಯ ಹಳೆಯ ಕಾಯದೆಯ ಬೀಜವನ್ನೇ ಆ ರಾಜ್ಯವು 1976ರ ತನ್ನ ಕಾಯದೆಯಲ್ಲಿ ಬಿತ್ತಿಕೊಂಡಿತು. ಅಲ್ಲಿಯ ನಗರರಚನಾ ಯೋಜನೆಯಲ್ಲಿ ಒಡೆಯರೆಲ್ಲರ ನೆಲವನ್ನು ಒಟ್ಟುಗೂಡಿಸಿ, ಬೀದಿಗೂ ಬಯಲಿಗೂ ಪಾಲು ತೆಗೆದು, ಮಿಕ್ಕುದನ್ನು ಅಚ್ಚುಕಟ್ಟಾದ ನಿವೇಶನಗಳಾಗಿ ಅವರಿಗೇ ಹಿಂದಿರುಗಿಸುವರು. ಯಾರೊಬ್ಬನ ಹೊಲವೂ ಪೂರ್ತಿ ಹೋಗದು. ನಮ್ಮ 1961ರ ಕಾಯದೆಯಲ್ಲಿಯೂ ಇಂಥದೇ ಒಂದು ಅಧ್ಯಾಯವಿದೆ! ಅದು ಅಟ್ಟವೇರಿದ ನೇಗಿಲಿನಂತಿದೆ. ನಾವು ರೂಢಿ ಮಾಡಿಕೊಂಡುದು ನೆಲವನ್ನು ಸ್ವಾಧೀನಪಡಿಸಿಕೊಳ್ಳುವ ದಾರಿಯನ್ನು.

ಗಡಿಯಾಚೆಯ ಕನ್ನಡಿಗರ ಪಾಡು ಬೇರೆ. ಅಕ್ಕಲಕೋಟೆಯವರಿಗೆ ಮಹಾರಾಷ್ಟ್ರದ 1966ರ ಕಾಯದೆ, ಕಾಸರಗೋಡಿನವರಿಗೆ ಕೇರಳದ 2016ರದು. ಅವರ ನಿಯಮವನ್ನು ಬದಲಿಸುವದು ನಮ್ಮ ಕೈಯಲ್ಲಿಲ್ಲ. ನಮ್ಮದು ನಮ್ಮ ಕೈಯಲ್ಲಿದ್ದೂ ಸುಮ್ಮನಿರುವೆವಲ್ಲ!

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿಯು ಆಮೇಲೆ ತಾಲೂಕಾಯಿತು. ತಾಲೂಕೆಂದ ಮೇಲೆ ಕಚೇರಿಗಳು, ಕಚೇರಿಯ ಹಿಂದೆ ಮನೆಗಳು ಬರತಕ್ಕವೇ. ಹೊಳೆಯ ನೆರೆ ಏರುವ ಹೊನ್ನಾಳಿಗೂ ಮಳೆ ಕಾಣದ ಜಗಳೂರಿಗೂ ಒಂದೇ ಅಚ್ಚಿನ ನಕಾಶೆ ಸಲ್ಲದು. ಒಂದಕ್ಕೆ ಮನೆ ಕಟ್ಟಕೂಡದ ದಂಡೆಯ ಗೆರೆ ಬೇಕು, ಇನ್ನೊಂದಕ್ಕೆ ಕೆರೆಗೆ ನೀರು ತರುವ ಹಳ್ಳಗಳ ಗೆರೆ. ಈ ಗೆರೆಗಳನ್ನು ಬಲ್ಲವರು ಊರಿನ ಹಿರಿಯರು, ಶಾಲೆಯ ಉಪಾಧ್ಯಾಯರು. ಅವರು ಮುಂದಿನ ಸಭೆಯ ದಿನವೇ ಪುರಾಡಳಿತದ ಕಚೇರಿಗೆ ಹೋಗಿ, ನಮ್ಮ ಊರಿನ ಮಹಾಯೋಜನೆಯ ನಕಾಶೆಯನ್ನು ತೋರಿಸಿರೆಂದು ಕೇಳಲಿ; ಇಲ್ಲವೆಂದರೆ ಆ ಉತ್ತರವನ್ನು ಬರೆಯಿಸಿಕೊಂಡು ಬರಲಿ.