ಬೈ-ಟೂ: ಒಂದು ಕುರ್ಚಿಗಾಗಿ ನಾಲ್ಕು ಲೋಟ

ಈ ವಾರ ಒಂದು ಗುಟ್ಟು ರಟ್ಟು ಮಾಡಿಯೇ ಶುರು ಮಾಡ್ತೀನಿ. ಈ ಅಂಕಣ ಬರೆಯೋ ನನಗೆ ಆಫೀಸು ಅಂತ ಒಂದಿಲ್ಲ! ಪಿ.ಯು.ಸಿ.ಯಿಂದ ಇಂಟರ್‌ವಲ್ಲಿಗೇ ಎದ್ದು ಬಂದವನು ನಾನು. ಅಲ್ಲಿಂದ ಇಲ್ಲಿಗೆ ಹನ್ನೊಂದು ವರ್ಷ. ಅಷ್ಟೂ ವರ್ಷ ನನ್ನ ಆಫೀಸು ಅಂದ್ರೆ ಗಾಂಧಿನಗರದ ಒಂದು ಕಾಫಿ ಹೋಟೆಲಿನ ಮೂಲೆ ಮೇಜು. ದಿನದ ಬಾಡಿಗೆ ಒಂದು ಲೋಟ ಕಾಫಿ. ಜೊತೆಗೆ ಯಾರಾದ್ರೂ ಸಿಕ್ಕರೆ ಬೈ-ಟೂ, ಅಂದ್ರೆ ಅರ್ಧ ಬಾಡಿಗೆ!

ಹೋದ ವಾರ ಸಂಪಾದಕರು ಕರೆದರು. “ಬೆಂಗಳೂರಲ್ಲಿ ಬೀದಿಗೊಂದು ಕಾಫಿ ಅಂಗಡಿ ಏಳ್ತಾ ಇದೆಯಲ್ಲಪ್ಪಾ. ದೊಡ್ಡ ಕಂಪನಿಗಳದ್ದು ಬೇಡ, ಅವಕ್ಕೆ ಜಾಹೀರಾತು ಇದೆ. ಉಳಿದದ್ದರಲ್ಲಿ ನಾಲ್ಕು ಸುತ್ತಿ, ಕುಡಿದು, ಚಿತ್ರವಿಮರ್ಶೆ ಬರೆದ ಹಾಗೆ ಬರಿ. ಖರ್ಚಿಗೆ 500 ರೂಪಾಯಿ” ಅಂದರು. 500 ಅನ್ನುವಾಗ ಅವರ ದನಿ ಕೊಂಚ ನಡುಗಿತು. ನಾನು ಗಮನಿಸದವನ ಹಾಗೆ ನೋಟನ್ನು ಜೇಬಿಗಿಳಿಸಿದೆ.

ಮೆಟ್ಟಿಲು ಇಳಿಯೋಷ್ಟರಲ್ಲಿ ಫೋನು. ಆ ಕಡೆ ಯಜಮಾನ್ರು.

ಯಜಮಾನ್ರು ಅಂದ್ರೆ ಯಾರು ಅಂತೀರಾ? ಹೆಸರು ಬರೆಯಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾರೆ. ಹದಿನಾರನೇ ವಯಸ್ಸಿಗೆ ನಾಟಕ ಕಂಪನಿ ಸೇರಿದವರು. ಕಂಪನಿ ಮುಳುಗಿದ ಮೇಲೆ ಗಾಂಧಿನಗರಕ್ಕೆ ಬಂದು, ಗುಂಪಿನಲ್ಲಿ ಗೋವಿಂದ ಅಂತ ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ನಿಂತವರು. 1975ರ ‘ಮಯೂರ’ ನೋಡಿದ್ದೀರಲ್ಲ, ಆ ಸೈನ್ಯದಲ್ಲಿ ತಾವೂ ಒಬ್ಬರು ಅಂತಾರೆ. ಯಾವ ಸೀನಿನಲ್ಲಿ ಅಂತ ಕೇಳಿದರೆ, “ಈಟಿ ಕಾಣುತ್ತೆ ಮರಿ, ಮುಖ ಕಾಣಲ್ಲ” ಅಂತ ನಗ್ತಾರೆ.

ಈಗ ಅವರಿಗೆ ಎಪ್ಪತ್ತು. ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತೆ. ಅದಕ್ಕೆ ಅರ್ಜಿ ಹಾಕಬೇಕು. ಯಾವ ಕಂಪನಿ, ಯಾವ ನಾಟಕ, ಎಷ್ಟು ವರ್ಷ, ಎಲ್ಲಾ ಒಂದು ಕಡೆ ಬರೆದು ಜೋಡಿಸಬೇಕು. “ನನ್ನ ಅಕ್ಷರ ನನಗೇ ಓದಕ್ಕಾಗಲ್ಲ ಮರಿ. ನೀನು ಬರಕೊಡು. ಒಂದು ಗಂಟೆ ಎಲ್ಲಾದ್ರೂ ಕೂತ್ಕೊಳ್ಳೋಣ” ಅಂದರು.

ಕೂತ್ಕೊಳ್ಳೋಣ! ಈ ಒಂದು ಮಾತೇ ನೋಡಿ ಆವತ್ತು ನಮ್ಮಿಬ್ಬರನ್ನು ಊರೆಲ್ಲಾ ಸುತ್ತಿಸಿದ್ದು. ಅಂಕಣಕ್ಕೆ ಕಾಫಿಯೂ ಆಯ್ತು, ಅರ್ಜಿಗೆ ಜಾಗವೂ ಆಯ್ತು, ಒಂದೇ ಟಿಕೆಟ್ಟಿಗೆ ಎರಡು ಪಿಕ್ಚರ್ ಅಂದ್ಕೊಂಡು ಹೊರಟೆ.

ಗಾಂಧಿ ಕ್ಲಾಸು

ಮೊದಲ ಆಟ ನಮ್ಮ ಹಳೇ ಹೋಟೆಲಿನಲ್ಲೇ. ಕಪಾಲಿ ಚಿತ್ರಮಂದಿರ ನೆಲಸಮವಾದಾಗಲೂ ಈ ಹೋಟೆಲು ಅಲುಗಾಡಿರಲಿಲ್ಲ. ನಾನು ಮೂರು ತಿಂಗಳು ಊರಲ್ಲಿದ್ದು ಬಂದಿದ್ದೆ ಅಷ್ಟೇ. ಬಾಗಿಲಿಗೆ ಬಂದರೆ ಯಜಮಾನ್ರು ಹೊರಗೇ ನಿಂತಿದ್ದಾರೆ. ಒಳಗೆ ನೋಡ್ತೀನಿ, ಮೇಜೂ ಇಲ್ಲ, ಕುರ್ಚಿಯೂ ಇಲ್ಲ! ಎದೆಯೆತ್ತರದ ಸ್ಟೀಲ್ ಕಟ್ಟೆ, ಸುತ್ತ ನಿಂತ ಜನ. ಹಳೇ ಸಾಹುಕಾರರು ತೀರಿಕೊಂಡು ಗಲ್ಲಾದಲ್ಲಿ ಮಗ ಕೂತಿದ್ದಾನೆ. ಹೋಟೆಲಿಗೆಲ್ಲಾ ಉಳಿದಿದ್ದ ಕುರ್ಚಿ ಅದೊಂದೇ.

ಹುಡುಗನನ್ನು ಬೈಯೋಣ ಅಂದ್ರೆ ಅವನ ಲೆಕ್ಕವೂ ಸುಳ್ಳಲ್ಲ ಸ್ವಾಮಿ. 2024-25ರಲ್ಲಿ ಕಾಫಿ ಬೀಜದ ಬೆಲೆ ಆಕಾಶಕ್ಕೇರಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯ್ತು. “ಕೂತು ಕುಡಿಯೋರು ಒಂದು ಗಂಟೆಗೆ ಒಂದು ಕಾಫಿ ಸಾರ್. ನಿಂತು ಕುಡಿಯೋರು ಐದು ನಿಮಿಷಕ್ಕೆ ಒಂದು. ಬಾಡಿಗೆ ಕಟ್ಟೋನು ಯಾರನ್ನ ನೋಡಲಿ?” ಅಂದ. 1980ರ ದಶಕದಲ್ಲಿ ಬೆಂಗಳೂರಿನ ದರ್ಶಿನಿಗಳು ಕಲಿಸಿದ ಪಾಠವೂ ಇದೇ ತಾನೇ? ಮಾಣಿ ಇಲ್ಲ, ಟಿಪ್ಸ್ ಇಲ್ಲ, ಕುರ್ಚಿ ಇಲ್ಲ, ಅದಕ್ಕೇ ಬಡವನಿಗೂ ಬಿಸಿ ಕಾಫಿ ಅಗ್ಗದಲ್ಲಿ ಸಿಕ್ಕಿತು.

20 ರೂಪಾಯಿ ಕೊಟ್ಟು ಬೈ-ಟೂ ಹೇಳಿದೆ. ಬಣ್ಣವೇನೋ ಕಪ್ಪಗೆ ಗಟ್ಟಿಯಾಗಿತ್ತು. ಆದರೆ ಅದು ಚಿಕೋರಿಯ ಬಣ್ಣ. ಚಿಕೋರಿ ಅನ್ನೋದು ಹುರಿದು ಪುಡಿ ಮಾಡಿದ ಒಂದು ಬೇರು. ಡಿಕಾಕ್ಷನ್ ಮಂದವಾಗುತ್ತೆ, ಖರ್ಚು ಇಳಿಯುತ್ತೆ. ಮಿಶ್ರಣದ ಪುಡಿಯಲ್ಲಿ ನೂರಕ್ಕೆ 51 ಪಾಲಾದರೂ ಕಾಫಿ ಇರಲೇಬೇಕು ಅಂತ ಕಾನೂನಿದೆ. ನಮ್ಮ ಲೋಟ ಆ ಗೆರೆಯ ಮೇಲೇ ಕಾಲಿಟ್ಟು ನಿಂತ ಹಾಗಿತ್ತು.

ಯಜಮಾನ್ರು ಲೋಟ ಹಿಡಿದು ಮೂಲೆ ಕಡೆ ನೋಡ್ತಾ ಇದ್ದರು. ಒಂದು ಕಾಲದಲ್ಲಿ ಏಜೆಂಟರು ಅಲ್ಲಿಗೇ ಬಂದು “ನಾಳೆ ಹತ್ತು ಜನ ಬೇಕು, ಗಡ್ಡ ಇರೋರು ಬನ್ನಿ” ಅಂತ ಕೂಗೋರು. ಯಜಮಾನ್ರ ಕಾಗದ ಪತ್ರವೆಲ್ಲಾ ಈ ಹೋಟೆಲಿನ ವಿಳಾಸಕ್ಕೇ ಬರೋದು. ಹುಡುಗ ಅವರಿಗೆ ಟೋಕನ್ ಕೊಟ್ಟ. ಮುಖ ನೋಡಲಿಲ್ಲ.

ಕಾಫಿಗೆ 10ಕ್ಕೆ 4. ಕುರ್ಚಿಗೆ ಸೊನ್ನೆ.

ಹೌಸ್‌ಫುಲ್

ಮೆಜೆಸ್ಟಿಕ್ಕಿನಿಂದ ಬಸ್ಸು ಹತ್ತಿ ದಕ್ಷಿಣಕ್ಕೆ ಬಂದೆವು. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗೋಣವೇ ಅಂತ ಒಂದು ಕ್ಷಣ ಯೋಚಿಸಿದೆ. 1943ರಲ್ಲಿ ಹೆಸರಿಗೆ ತಕ್ಕ ಹಾಗೆ ವಿದ್ಯಾರ್ಥಿಗಳಿಗೆಂದು ಶುರುವಾದದ್ದು. ವಿದ್ಯಾರ್ಥಿಯಾಗಿ ಉಳಿಯದ ನನ್ನಂಥವನಿಗೂ ಅಲ್ಲಿ ದೋಸೆ ಕೊಡ್ತಾರೆ, ಅದು ಅವರ ದೊಡ್ಡತನ! ಆದರೆ ಬಾಗಿಲಲ್ಲಿ ಅಷ್ಟು ಜನ ದೋಸೆಗೆ ಕಾಯ್ತಿರೋವಾಗ ಒಳಗೆ ಕೂತು ಅರ್ಜಿ ಬರೆಯೋದು ಧರ್ಮವಲ್ಲ. ಸೀದಾ ಶಂಕರಪುರಕ್ಕೆ ನಡೆದೆವು.

ಬ್ರಾಹ್ಮಿನ್ಸ್ ಕಾಫಿ ಬಾರ್, 1965ರಿಂದ ಇದೆ. ನಾಲ್ಕಾರು ಐಟಂ ಅಷ್ಟೇ: ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಟೀ. ಸಾಂಬಾರ್ ಕೇಳಬೇಡಿ, ಇಲ್ಲ, ಚಟ್ನಿ ಮಾತ್ರ. ಹೊಸಬರನ್ನು ಹಾಕದೆ ಅದೇ ತಾರಾಗಣದಲ್ಲಿ ಇಷ್ಟು ವರ್ಷ ಓಡ್ತಿರೋ ಚಿತ್ರ ಇನ್ನೊಂದು ತೋರಿಸಿ ನೋಡೋಣ!

ಇಲ್ಲೂ ನಿಂತೇ ಕುಡಿಯಬೇಕು, ಅದೂ ರಸ್ತೆಯ ಬದಿಯಲ್ಲಿ. ಆದರೆ ಇಲ್ಲಿ ಯಾರೂ ಕುರ್ಚಿ ಕಿತ್ತುಕೊಂಡವರಲ್ಲ. ನಿಲ್ಲೋದೇ ಇಲ್ಲಿಯ ಸಂಪ್ರದಾಯ. ಕಾರಿನಲ್ಲಿ ಬಂದವರು, ಸೈಕಲ್ಲಿನಲ್ಲಿ ಬಂದವರು, ವಾಕಿಂಗ್ ಮುಗಿಸಿದ ನಿವೃತ್ತರು, ಎಲ್ಲರದ್ದೂ ಒಂದೇ ಕ್ಲಾಸು. ಕಾಫಿ ನಾಲಿಗೆಗೆ ಮೊದಲು ಮೂಗಿಗೆ ಬಂತು. ಡಿಕಾಕ್ಷನ್ನಿಗೆ ಹಾಲು ಹೆದರಿಲ್ಲ, ಹಾಲಿಗೆ ಡಿಕಾಕ್ಷನ್ ಹೆದರಿಲ್ಲ. ಇಬ್ಬರು ನಾಯಕರಿರೋ ಚಿತ್ರದಲ್ಲಿ ಇಬ್ಬರಿಗೂ ಸರಿಸಮ ಪಾತ್ರ ಸಿಕ್ಕ ಹಾಗೆ! ಯಜಮಾನ್ರು ಕಣ್ಣು ಮುಚ್ಚಿ ಕುಡಿದರು.

ಆದರೆ ಮಂಡಿ ನೋವಿನ ಮನುಷ್ಯ. ಲೋಟ ಖಾಲಿಯಾಗೋಷ್ಟರಲ್ಲಿ ಪಕ್ಕದ ಕಂಬಕ್ಕೆ ಒರಗಿದ್ದರು. ಕೈಯಲ್ಲಿ ಹಳೇ ಕರಪತ್ರಗಳ ಪ್ಲಾಸ್ಟಿಕ್ ಚೀಲ.

ಕಾಫಿಗೆ 10ಕ್ಕೆ 9. ಅರ್ಜಿ ಇನ್ನೂ ಶುರುವಾಗಿಲ್ಲ.

ಬಾಲ್ಕನಿ

ಸಂಪಾದಕರು ಹೇಳಿದ ‘ಹೊಸ ಕಾಫಿ ಅಂಗಡಿ’ ಜಯನಗರದಲ್ಲಿ ಸಿಕ್ಕಿತು. ಹಳೇ ಮನೆಯೊಂದರ ಗೋಡೆ ಒಡೆದು ಮಾಡಿದ್ದು. ಹೊರಗೆ ಮರ, ಒಳಗೆ ತಣ್ಣನೆ ಗಾಳಿ, ಮೆತ್ತನೆ ಕುರ್ಚಿ! ಹೆಸರು ಬರೆಯಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೆನು ಕಾರ್ಡಿನಲ್ಲಿ ಕನ್ನಡ ಒಂದಕ್ಷರವಿಲ್ಲ. ಬೆಲೆ ಮಾತ್ರ ಯಾವ ಭಾಷೆಯವನಿಗೂ ಅರ್ಥವಾಗುತ್ತೆ: 260 ರೂಪಾಯಿ. ಯಜಮಾನ್ರು ನನ್ನ ಕಿವಿಯಲ್ಲಿ, “ಮೂರು ದಿನ ಗುಂಪಲ್ಲಿ ನಿಂತರೂ ಇಷ್ಟು ಬರ್ತಿರಲಿಲ್ಲ ಕಣೋ ಆಗ” ಅಂದರು. ನಾನು ಕೌಂಟರಿಗೆ ಹೋಗಿ, ಇದ್ದಬದ್ದ ಧೈರ್ಯವನ್ನೆಲ್ಲಾ ಒಟ್ಟು ಮಾಡಿ, “ಬೈ-ಟೂ ಕೊಡ್ತೀರಾ?” ಅಂದೆ.

ಲ್ಯಾಪ್‌ಟಾಪಿನ ಹಿಂದಿದ್ದ ಎರಡು ತಲೆ ತಿರುಗಿದವು. ಆದರೆ ಕೌಂಟರಿನ ಹುಡುಗಿ ನಗಲಿಲ್ಲ. “ಅಜ್ಜನ್ನ ಆ ಕುರ್ಚಿಗೆ ಕೂರಿಸಿ ಅಣ್ಣಾ, ಎರಡು ಕಪ್ಪಿಗೆ ಹಾಕಿ ತರ್ತೀನಿ” ಅಂದಳು, ಶುದ್ಧ ಮಲೆನಾಡ ಕನ್ನಡದಲ್ಲಿ! ಸಕಲೇಶಪುರದ ಕಡೆಯವಳು. ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ ಹಣ್ಣು ಕೊಯ್ಯೋರು. ದೇಶದ ಕಾಫಿಯಲ್ಲಿ ಹತ್ತಕ್ಕೆ ಏಳು ಪಾಲು ನಮ್ಮ ಕರ್ನಾಟಕದ್ದು ಅಂತ ನಾವು ಭಾಷಣದಲ್ಲಿ ಕೇಳ್ತೀವಿ. ಆ ಏಳು ಪಾಲನ್ನ ಬಿಡಿಸಿದ ಕೈಗಳ ಮಗಳು ನಮಗೆ ಕಾಫಿ ಮಾಡ್ತಾ ನಿಂತಿದ್ದಳು.

ಅವಳು ಹೇಳಿಕೊಟ್ಟದ್ದು ಇಷ್ಟು. ಇದು ಬರೀ ಅರೇಬಿಕಾ, ಒಂದೇ ತೋಟದ್ದು, ಚಿಕೋರಿ ಇಲ್ಲ. ಹಣ್ಣಿನ ಸಿಪ್ಪೆ ತೆಗೆದು, ನೀರಲ್ಲಿ ತೊಳೆದು, ಒಣಗಿಸಿದ ಬೀಜ. ಹೋಟೆಲಿನವರು ಹುರಿಯೋವಷ್ಟು ಕಪ್ಪಗೆ ಹುರಿಯಲ್ಲ. ಕಾಗದದ ಸೋಸಣಿಗೆಯ ಮೇಲೆ ಬಿಸಿನೀರನ್ನ ಮೂರು ನಿಮಿಷ ಸಣ್ಣಗೆ ಸುರಿಯಬೇಕು. ಹಾಲು ಸಕ್ಕರೆ ಹಾಕಿದರೆ ತೋಟದ ರುಚಿ ಮುಚ್ಚಿಹೋಗುತ್ತೆ.

ಕುಡಿದೆ. ಮೊದಲು ಕಿತ್ತಳೆಯ ಹುಳಿ, ಆಮೇಲೆ ಸಣ್ಣ ಸಿಹಿ. ಅಭ್ಯಾಸವಿಲ್ಲದ ನಾಲಿಗೆಗೆ ಅವಾರ್ಡ್ ಪಿಕ್ಚರ್ ನೋಡಿದ ಹಾಗಾಯ್ತು. ಒಳ್ಳೇದು ಅಂತ ಗೊತ್ತಾಗುತ್ತೆ, ಶಿಳ್ಳೆ ಹೊಡೆಯೋಕೆ ಬರಲ್ಲ! ಯಜಮಾನ್ರು ಮಾತ್ರ ಮರ್ಯಾದೆಯಿಂದ ಪೂರ್ತಿ ಕುಡಿದು, “ಕಷಾಯ ಚೆನ್ನಾಗಿದೆ ತಾಯಿ” ಅಂದರು. ಈ ಸಲ ಹುಡುಗಿ ನಕ್ಕಳು.

ಸರಿ, ಕುರ್ಚಿ ಸಿಕ್ಕಿತು. ಏಳಿ ಅನ್ನೋರಿಲ್ಲ. ಪೆನ್ನು ತೆಗೆದೆ. “ಹೇಳಿ ಯಜಮಾನ್ರೇ, ಮೊದಲ ಕಂಪನಿ ಯಾವುದು?” ಅವರು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಚಪ್ಪಲಿ ನೆಲಕ್ಕೆ ತಾಗಿದರೆ ಗಲೀಜಾಗುತ್ತೇನೋ ಅನ್ನೋ ಹಾಗೆ ಕಾಲು ಒಳಕ್ಕೆ ಸೇರಿಸಿದ್ದರು. ರಂಗದ ಮೇಲೆ ಮೈಕಿಲ್ಲದೆ ಕೊನೇ ಸಾಲಿಗೆ ಮುಟ್ಟಿಸಿದ ಗಂಟಲು, ಇಲ್ಲಿ ಮೇಜಿನ ಆಚೆಗಿದ್ದ ನನಗೇ ಕೇಳಿಸಲಿಲ್ಲ. “ಬೇರೆ ಎಲ್ಲಾದ್ರೂ ಹೋಗೋಣ ಮರಿ. ಇಲ್ಲಿ ಬಾಯಿ ಬರಲ್ಲ” ಅಂದರು.

ತಪ್ಪು ಅಂಗಡಿಯದಲ್ಲ, ಹುಡುಗಿಯದಂತೂ ಅಲ್ಲವೇ ಅಲ್ಲ. ಅದಕ್ಕೇ ಹೆಸರು ಬರೆದಿಲ್ಲ. ಕಾಫಿಗೆ 8, ಹುಡುಗಿಗೆ 10.

ಕ್ಲೈಮ್ಯಾಕ್ಸು

ಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಎಂ.ಜಿ. ರೋಡಿನಲ್ಲಿ ಇಳಿದೆವು. ಅಲ್ಲಿಂದ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್. ದಶಕಗಳ ಕಾಲ ಎಂ.ಜಿ. ರೋಡಿನಲ್ಲೇ ಇದ್ದು, 2009ರಲ್ಲಿ ಜಾಗ ಬಿಟ್ಟು ಈ ಬೀದಿಗೆ ಬಂದದ್ದು.

ಬಿಳಿ ಸಮವಸ್ತ್ರ, ತಲೆಗೆ ಪೇಟ ಸುತ್ತಿದ ಮಾಣಿ ಬಂದು ನೀರಿಟ್ಟರು. ಪೇಟ ಕಂಡದ್ದೇ ತಡ, ಯಜಮಾನ್ರ ಬೆನ್ನು ನೆಟ್ಟಗಾಯ್ತು. “ನೋಡಿದ್ಯಾ, ರಾಜದರ್ಬಾರಿನ ಡ್ರೆಸ್ಸು! ಇಂಥಾ ಪೇಟ ನಾನು ಎಷ್ಟು ಸಲ ಕಟ್ಟಿದ್ದೀನಿ” ಅಂತ ಕುರ್ಚಿಗೆ ಪೂರ್ತಿ ಒರಗಿ ಕೂತರು.

ಕಾಫಿ ಬಂತು. ಶಂಕರಪುರದ ಘಮ ಇಲ್ಲ, ಜಯನಗರದ ನಾಜೂಕೂ ಇಲ್ಲ. ಸಾದಾ ಕಾಫಿ. ಅದು ಆರೋವರೆಗೆ ನಾನು ಯಜಮಾನ್ರಿಗೆ ಈ ಹೋಟೆಲಿನ ಕತೆ ಹೇಳಿದೆ. ಕಾಫಿ ಬೋರ್ಡು ತಾನೇ ನಡೆಸ್ತಿದ್ದ ಕಾಫಿ ಹೌಸುಗಳನ್ನ 1950ರ ದಶಕದಲ್ಲಿ ಮುಚ್ಚೋಕೆ ಹೊರಟಿತು. ಮಾಣಿಗಳು, ಅಡಿಗೆಯವರು, ಎಲ್ಲರೂ ಬೀದಿಗೆ. ಆಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆನ್ನಿಗೆ ನಿಂತರು. ಕೆಲಸ ಕಳಕೊಂಡವರೇ ಸೇರಿ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ ಹುಟ್ಟಿದ್ದು ಇದೇ ಬೆಂಗಳೂರಲ್ಲಿ, 1957ರಲ್ಲಿ. ಇಲ್ಲಿ ಬೇರೆ ಸಾಹುಕಾರ ಅಂತ ಇಲ್ಲ. ಲೋಟ ತಂದಿಡೋರದ್ದೇ ಸಂಘ, ಸಂಘದ್ದೇ ಹೋಟೆಲು.

ಯಜಮಾನ್ರು ಬಹಳ ಹೊತ್ತು ಸುಮ್ಮನಿದ್ದರು. “ಹಂಗಾದ್ರೆ ಇಲ್ಲಿ ಕುರ್ಚಿ ತೆಗೀಬೇಕು ಅಂದ್ರೆ ಇವರೆಲ್ಲಾ ಕೂತು ಮಾತಾಡಬೇಕು” ಅಂದರು. ಆಮೇಲೆ, “ನಮ್ಮ ಕಂಪನಿ ಮುಳುಗಿದ ದಿನ ನಾವೂ ಮೂವತ್ತು ಜನ ಇದ್ವಿ. ಪರದೆ ಇತ್ತು, ಡ್ರೆಸ್ಸಿತ್ತು, ಹಾರ್ಮೋನಿಯಂ ಇತ್ತು. ಒಬ್ಬನಿಗೂ ಇದು ಹೊಳೀಲಿಲ್ಲ ನೋಡು. ಒಬ್ಬೊಬ್ಬ ಒಂದೊಂದು ಬಸ್ಸು ಹತ್ತಿದ್ವಿ.”

ಅಲ್ಲಿಂದ ಶುರುವಾಯ್ತು. ಊರು, ಕ್ಯಾಂಪು, ಇಸವಿ, ಒಂದಾದ ಮೇಲೊಂದು. ‘ಸದಾರಮೆ’ಯಲ್ಲಿ ಕಳ್ಳನ ಪಾತ್ರದವನು ಕೈಕೊಟ್ಟ ರಾತ್ರಿ ತಾವೇ ಬಣ್ಣ ಹಚ್ಚಿದ್ದನ್ನ ಹೇಳೋವಾಗ ದನಿ ಎಷ್ಟು ಏರಿತು ಅಂದ್ರೆ, ಮಾಣಿ ಟ್ರೇ ಹಿಡಿದುಕೊಂಡೇ ನಿಂತುಬಿಟ್ಟರು. ಪಕ್ಕದ ಮೇಜಿನವರು ಚಮಚ ಕೆಳಗಿಟ್ಟರು. ನಾಲ್ಕು ಹಾಳೆ ತುಂಬಿತು. ಯಾರೂ ಬಿಲ್ಲು ತಂದು ಮೇಜಿಗೆ ಕುಕ್ಕಲಿಲ್ಲ.

ಕೊನೆಗೆ ಒಂದು ಸಾಲು ಉಳಿಯಿತು. ‘ಅರ್ಜಿದಾರರ ವಿಳಾಸ.’

ನಾನು ಗಾಂಧಿನಗರದ ಹೋಟೆಲಿನ ಹೆಸರು ಬರೆಯೋಕೆ ಪೆನ್ನು ಊರಿದೆ. ಅವರು ನನ್ನ ಕೈ ಹಿಡಿದರು. “ಬೇಡ. ಆ ಹುಡುಗ ನನಗೆ ಟೋಕನ್ ಕೊಟ್ಟ. ಕಾಗದ ಬಂದರೆ ಯಾರದ್ದು ಅಂತಾನೆ.” ಸ್ವಲ್ಪ ಹೊತ್ತು ಲೋಟವನ್ನೇ ತಿರುಗಿಸಿದರು. “ಮಗಳ ಮನೇದು ಬರಿ. ನೆಲಮಂಗಲ.”

ಮಗಳ ಜೊತೆ ಮಾತು ಬಿಟ್ಟು ಎರಡು ವರ್ಷ ಅಂತ ನನಗೆ ಗೊತ್ತಿತ್ತು. ಆದರೂ ಬರೆದೆ. “ವಿಳಾಸ ಕೊಟ್ಟ ಮೇಲೆ ಅವಳಿಗೊಂದು ಮಾತು ಹೇಳಬೇಕಲ್ಲ ಯಜಮಾನ್ರೇ?” ಅಂದೆ. “ಹೇಳಬೇಕು” ಅಂದರು.

ಮೆಜೆಸ್ಟಿಕ್ಕಿನಲ್ಲಿ ಅವರು ತಮ್ಮ ರೂಮಿನ ದಾರಿ ಹಿಡಿಯಲಿಲ್ಲ. ನೆಲಮಂಗಲದ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಕಂಡಕ್ಟರನ್ನ ಕೇಳ್ತಾ ಹೋದರು.

ಚರ್ಚ್ ಸ್ಟ್ರೀಟಿನ ಕಾಫಿಗೆ 10ಕ್ಕೆ 6. ಕುರ್ಚಿಗೆ 10.

ಅರ್ಜಿ ಸಲ್ಲಿಸಿ ಆಯ್ತು, ತೀರ್ಪು ಬಂದ ಮೇಲೆ ಇದೇ ಪುಟದಲ್ಲಿ ತಿಳಿಸ್ತೀನಿ. ನಿಮ್ಮೂರ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಲೋಟ ಕಾಫಿಗೆ ಒಂದು ಗಂಟೆ ಕೂರಿಸೋ ಹೋಟೆಲು ಇದ್ದರೆ, ಒಂದು ಕಾರ್ಡು ಹಾಕಿ. ನನಗೂ ಒಂದು ಆಫೀಸು ಬೇಕಾಗಿದೆ. ಸಂಪಾದಕರೇ, 500 ರೂಪಾಯಿ ಮುಗಿದು ಮೆಟ್ರೋ ಖರ್ಚು ನನ್ನ ಕೈಯಿಂದ ಹೋಗಿದೆ. ದನಿ ನಡುಗಿಸದೆ ಕೊಡಬೇಕಾಗಿ ವಿನಂತಿ!