ಸ್ಪ್ರಿಂಗ್‌ಫೀಲ್ಡ್ ಡೈರಿ – 17: ‘ಇಲ್ಲಿ ನೋಡೋಕೆ ಏನೂ ಇಲ್ಲ’ ಅಂತ ನಾನು ಹೇಳಿದ ತಪ್ಪು

ಹೋದ ಸಲ ನೈಟ್ ಶಿಫ್ಟ್ ಕಥೆ ಬರೆದು ಒಂದೂವರೆ ತಿಂಗಳಾಯ್ತು. ಡ್ಯೂಟಿ, ಮಗನ ಸ್ಕೂಲು, ಅಮ್ಮನನ್ನು ವಾಪಸ್ ವಿಮಾನ ಹತ್ತಿಸಿದ್ದು, ಇದರ ಮಧ್ಯೆ ಬರೆಯೋಕೆ ಕೂರಲಿಕ್ಕೇ ಆಗಲಿಲ್ಲ. ಈ ಸಲ ಕಥೆಗಿಂತ ಹೆಚ್ಚಾಗಿ ಒಂದು ಅಭಿಪ್ರಾಯ ಹೇಳ್ತೀನಿ. ಒಪ್ಪದಿದ್ದರೆ ಬೈಯ್ಯಿರಿ, ಆದರೆ ಪೂರ್ತಿ ಓದಿ ಬೈಯ್ಯಿರಿ.

ಸಾಗರದಿಂದ ಯಾರೇ ಫೋನ್ ಮಾಡಲಿ, ಎರಡನೇ ಪ್ರಶ್ನೆ ಇದೇ: ‘ನೀವಿರೋ ಊರಲ್ಲಿ ನೋಡೋಕೆ ಎಂತ ಇದೆ?’ ಏಳು ವರ್ಷದಿಂದ ನನ್ನದೂ ಒಂದೇ ಉತ್ತರ. ‘ಇಲ್ಲೇನೂ ಇಲ್ಲ ಮಾರಾಯ್ರೆ, ಸಣ್ಣ ಊರು. ಬನ್ನಿ, ಶಿಕಾಗೋಗೆ ಕರ್ಕೊಂಡು ಹೋಗ್ತೀನಿ, ನಯಾಗರಾ ತೋರಿಸ್ತೀನಿ.’

ಇಲಿನಾಯ್ ರಾಜ್ಯದ ರಾಜಧಾನಿ ಶಿಕಾಗೋ ಅಂತ ನಮ್ಮಲ್ಲಿ ತುಂಬಾ ಜನ ತಿಳ್ಕೊಂಡಿದ್ದಾರೆ. ಅಲ್ಲ, ನಮ್ಮ ಸ್ಪ್ರಿಂಗ್‌ಫೀಲ್ಡ್. ಶಿಕಾಗೋದಿಂದ 320 ಕಿಲೋಮೀಟರ್ ದೂರ, ಸುತ್ತ ಜೋಳ ಮತ್ತು ಸೋಯಾ ಹೊಲ, ಮಧ್ಯದಲ್ಲಿ ಲಕ್ಷಕ್ಕೆ ಸ್ವಲ್ಪ ಮೇಲೆ ಜನ ಇರೋ ಊರು. ಇಲ್ಲಿನ ವಿಧಾನಸೌಧದ ಗುಮ್ಮಟದ ಎತ್ತರ 361 ಅಡಿ, ವಾಷಿಂಗ್ಟನ್‌ನ ಸಂಸತ್ ಭವನಕ್ಕಿಂತ ಎತ್ತರ. ಇದೆಲ್ಲ ಗೊತ್ತಿದ್ದೂ ನಾನು ‘ಏನೂ ಇಲ್ಲ’ ಅಂತಿದ್ದೆ. ಡ್ಯೂಟಿಗೆ ಹೋಗೋ ದಾರಿಯಲ್ಲಿ ದಿನಾ ಕಾಣೋದು ನೋಡೋ ಜಾಗ ಅಂತ ನಮಗೆ ಅನ್ನಿಸೋದಿಲ್ಲವಲ್ಲ.

ಜುಲೈ ಮೊದಲ ವಾರ ಅಮ್ಮ ಬಂದರು. ಅರವತ್ತೆಂಟು ವರ್ಷ, ಎರಡೂ ಮಂಡಿ ನೋವು, ಬಿಪಿ. ನನಗೆ ವಾರಕ್ಕೆ ಮೂರು ದಿನ, ಹನ್ನೆರಡು ಹನ್ನೆರಡು ಗಂಟೆ ರಾತ್ರಿ ಶಿಫ್ಟ್. ಬೆಳಗ್ಗೆ ಬಂದು ಮಲಗಿದರೆ ಏಳೋದು ಮಧ್ಯಾಹ್ನ ಮೂರಕ್ಕೆ. ನಮ್ಮವರು ಆಫೀಸಿಗೆ, ಮಗ ಸಮ್ಮರ್ ಕ್ಯಾಂಪಿಗೆ. ಅಮ್ಮ ಸದ್ದು ಮಾಡದೆ ಅಡುಗೆ ಮುಗಿಸಿ, ಕಿಟಕಿ ಪಕ್ಕ ಕೂತು ರಸ್ತೆ ನೋಡ್ತಿದ್ದರು. ದಿನಕ್ಕೊಂದು ಸಲ ಅಂಚೆ ಡಬ್ಬಿವರೆಗೆ ನಡೆದು ಬರ್ತಿದ್ದರು, ಅಷ್ಟೇ ವಾಕಿಂಗ್. ‘ಬೇಜಾರಾ ಅಮ್ಮಾ?’ ಅಂದರೆ ‘ಇಲ್ಲಪ್ಪ, ಆರಾಮಿದೀನಿ’ ಅನ್ನೋರು. ನಾನೂ ‘ಸೆಪ್ಟೆಂಬರಲ್ಲಿ ರಜೆ ಸಿಗುತ್ತೆ, ನಯಾಗರಾ ಹೋಗೋಣ’ ಅಂತ ಸಮಾಧಾನ ಹೇಳಿ ಮಲಗ್ತಿದ್ದೆ.

ಮಧ್ಯೆ ಆಗಸ್ಟಲ್ಲಿ ಒಂದು ದಿನ, ನಾನು ನಿದ್ದೆಯಲ್ಲಿದ್ದಾಗ, ಪಕ್ಕದ ಮನೆಯ ವಯಸ್ಸಾದ ಹೆಂಗಸು ಬಂದು ಅಮ್ಮನನ್ನು ಸ್ಟೇಟ್ ಫೇರ್‌ಗೆ ಕರ್ಕೊಂಡು ಹೋದರು. ಇವರಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಇಬ್ಬರೂ ಕೈಸನ್ನೆಯಲ್ಲೇ ಐದು ಗಂಟೆ ಸುತ್ತಿದ್ದಾರೆ! ಪ್ರತಿ ಆಗಸ್ಟ್ ಇಲ್ಲಿ ನಡೆಯೋ ರಾಜ್ಯದ ಜಾತ್ರೆ ಅದು. ದನ, ಹಂದಿ, ಕುರಿಗಳ ಸ್ಪರ್ಧೆ, ತೊಟ್ಟಿಲು, ತಿಂಡಿ ಅಂಗಡಿ. ಅಲ್ಲಿ ಗಾಜಿನ ತಂಪು ಪೆಟ್ಟಿಗೆಯೊಳಗೆ ಬೆಣ್ಣೆಯಲ್ಲೇ ಮಾಡಿದ ಪೂರ್ತಿ ಗಾತ್ರದ ಹಸು ಇಡ್ತಾರೆ, ಸುಮಾರು ನೂರು ವರ್ಷದಿಂದ ಬಂದ ಪದ್ಧತಿ. ಸಂಜೆ ಅಮ್ಮ ಹೇಳಿದ್ದು: ‘ಅಷ್ಟೂ ಬೆಣ್ಣೆ ಕಾಯಿಸಿದ್ರೆ ಎಷ್ಟು ತುಪ್ಪ ಆಗ್ತಿತ್ತೇ!’ ಆಮೇಲೆ, ‘ನಮ್ಮ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಂದು ಸಲ, ಇವರದ್ದು ಪ್ರತಿ ವರ್ಷ, ಪುಣ್ಯವಂತರು.’ ಬಂದು ಆರು ವಾರ ಆದಮೇಲೆ ಅವರ ಮುಖದಲ್ಲಿ ಆ ಕಳೆ ನೋಡಿದ್ದು ಅವತ್ತೇ. ಆಗಲೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ.

ಸೆಪ್ಟೆಂಬರಲ್ಲಿ ನಯಾಗರಾ ಆಯ್ತು. ಸೇಂಟ್ ಲೂಯಿಸ್‌ವರೆಗೆ ಕಾರು, ಅಲ್ಲಿಂದ ವಿಮಾನ, ವೀಲ್‌ಚೇರು, ಹೋಟೆಲು. ನಾಲ್ಕು ದಿನಕ್ಕೆ ನನ್ನ ಒಂದು ತಿಂಗಳ ಉಳಿತಾಯ ಹೋಯ್ತು. ಜಲಪಾತದ ಎದುರು ನಿಂತ ಅಮ್ಮ ಐದು ನಿಮಿಷ ನೋಡಿ, ‘ಚೆನ್ನಾಗಿದೆ. ನಮ್ಮ ಜೋಗ ಎತ್ತರ, ಇದು ಅಗಲ’ ಅಂದರು. ಸರಿಯಾದ ಮಾತೇ! ಉಳಿದ ಹೊತ್ತೆಲ್ಲ ಕಾಲು ಊದಿಕೊಂಡು ಹೋಟೆಲಲ್ಲೇ ಮಲಗಿದ್ದರು. ಫೋಟೋ ಮಾತ್ರ ಚೆನ್ನಾಗಿ ಬಂತು, ನೀವೆಲ್ಲ ನೋಡಿದ್ದೀರಿ.

ವಾಪಸ್ ಬಂದಮೇಲೆ ಮಗ ಒಂದು ಮಾತು ಕೇಳಿದ. ‘ಅಮ್ಮಾ, ಅಜ್ಜಿಗೆ ಲಿಂಕನ್ ಮನೆ ತೋರಿಸಿಲ್ವಾ?’ ಅವನು ಸ್ಕೂಲಿಂದ ಹೋಗಿ ಬಂದಿದ್ದ. ನಮ್ಮ ಮನೆಯಿಂದ ಕಾರಲ್ಲಿ ಎಂಟು ನಿಮಿಷ. ಅಮ್ಮ ಹೊರಡೋಕೆ ಹತ್ತು ದಿನ ಬಾಕಿ ಇತ್ತು.

ಆ ಭಾನುವಾರ ಹೋದೆವು. ಅಬ್ರಹಾಂ ಲಿಂಕನ್ ತನ್ನ ಜೀವನದಲ್ಲಿ ಸ್ವಂತಕ್ಕೆ ಅಂತ ಇಟ್ಟುಕೊಂಡಿದ್ದ ಮನೆ ಇದೊಂದೇ. 1844ರಲ್ಲಿ ಕೊಂಡಿದ್ದು, 1861ರಲ್ಲಿ ಅಧ್ಯಕ್ಷನಾಗಿ ಹೊರಡೋವರೆಗೂ ಇದ್ದಿದ್ದು ಇಲ್ಲೇ. ಸುತ್ತ ನಾಲ್ಕು ಬ್ಲಾಕ್ ಬೀದಿಯನ್ನು ಆ ಕಾಲದಲ್ಲಿ ಇದ್ದ ಹಾಗೇ ಇಟ್ಟಿದ್ದಾರೆ, ಕಾರು ಬಿಡಲ್ಲ, ನಡೆಯೋಕೆ ಮರದ ಹಲಗೆ ಹಾಸಿದ್ದಾರೆ. ಮನೆ ನೋಡೋಕೆ ದುಡ್ಡಿಲ್ಲ. ವಿಸಿಟರ್ ಸೆಂಟರಿನಲ್ಲಿ ಸಮಯ ಬರೆದ ಟಿಕೆಟ್ ತಗೋಬೇಕು, ಪಾರ್ಕಿಂಗಿಗೆ ಮಾತ್ರ ಸ್ವಲ್ಪ ಖರ್ಚು. ಮೆಟ್ಟಿಲ ಕೈಪಿಡಿಕೆ ಲಿಂಕನ್ ಕಾಲದ್ದೇ, ಮುಟ್ಟಬಹುದು ಅಂತ ರೇಂಜರ್ ಹೇಳಿದರು. ಅಮ್ಮ ಅದನ್ನು ಹಿಡ್ಕೊಂಡೇ ಒಂದೊಂದೇ ಮೆಟ್ಟಿಲು ಹತ್ತಿದರು. ಕೆಲಸದ ಹುಡುಗಿಗೆ ಅಂತ ಇದ್ದ ಕೋಣೆ ನೋಡಿ ಮೆಚ್ಚಿಕೊಂಡರು. ಹಿತ್ತಲಲ್ಲಿ ಕಕ್ಕಸುಮನೆ ಕಂಡಾಗ, ‘ಇಷ್ಟು ದೊಡ್ಡ ಮನುಷ್ಯನೂ ರಾತ್ರಿ ಹೊರಗೇ ಹೋಗಬೇಕಿತ್ತಾ!’ ಅಂತ ನಕ್ಕಿದ್ದೇ ನಕ್ಕಿದ್ದು.

ಮೇಲಿನ ಕೋಣೆಯಲ್ಲಿ ರೇಂಜರ್ ಮಕ್ಕಳ ವಿಷಯ ಹೇಳಿದರು. ಲಿಂಕನ್ ದಂಪತಿಗೆ ನಾಲ್ಕು ಗಂಡು ಮಕ್ಕಳು. ಎರಡನೆಯವನು ಎಡ್ಡಿ, 1850ರಲ್ಲಿ ಇದೇ ಮನೆಯಲ್ಲಿ ತೀರಿಕೊಂಡ, ನಾಲ್ಕು ವರ್ಷ ಕೂಡ ತುಂಬಿರಲಿಲ್ಲ. ವಿಲ್ಲಿ ಶ್ವೇತಭವನದಲ್ಲಿ 1862ರಲ್ಲಿ ಹೋದ. ಟ್ಯಾಡ್ ಅಪ್ಪ ಸತ್ತ ಮೇಲೆ, ಹದಿನೆಂಟಕ್ಕೆ. ಉಳಿದಿದ್ದು ದೊಡ್ಡವನು ರಾಬರ್ಟ್ ಒಬ್ಬನೇ. ನಾನು ಮೆಲ್ಲಗೆ ಕನ್ನಡದಲ್ಲಿ ಹೇಳ್ತಾ ಹೋದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಜ್ವರವಾ?’

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ನನಗಿಂತ ಮುಂಚೆ ಒಬ್ಬ ಅಣ್ಣ ಇದ್ದ ಅಂತ ಮನೆಯವರಿಗೆಲ್ಲ ಗೊತ್ತು. ಎರಡೂವರೆ ವರ್ಷಕ್ಕೆ ಹೋದ ಅಂತ ಅಷ್ಟೇ ಗೊತ್ತು, ಅಮ್ಮ ಆ ಮಾತು ಎತ್ತಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಅವತ್ತು ಹೇಳಿದರು. ಮಳೆಗಾಲ, ಹೊಳೆ ತುಂಬಿ ಬಸ್ಸಿಲ್ಲ, ಅಪ್ಪ ಹೆಗಲ ಮೇಲೆ ಹೊತ್ತು ನಡೆದದ್ದು, ಆಸ್ಪತ್ರೆ ಮುಟ್ಟೋ ಹೊತ್ತಿಗೆ ತಡವಾಗಿದ್ದು. ‘ನೀನು ನರ್ಸಿಂಗ್ ಓದ್ತೀನಿ ಅಂದಾಗ ಎಲ್ಲರೂ ಬೇಡ ಅಂದ್ರು. ನಾನು ಯಾಕೆ ಹೂಂ ಅಂದೆ ಅಂತ ನೀನು ಕೇಳಲೇ ಇಲ್ಲ’ ಅಂದರು. ನಲವತ್ತೊಂದು ವರ್ಷಕ್ಕೆ ನನಗೆ ಅದು ಗೊತ್ತಾಯ್ತು. ಅಮ್ಮನನ್ನು ಕೇಳಿಯೇ ಇದನ್ನು ಬರೀತಿದ್ದೀನಿ.

ಆಮೇಲೆ ಆ ಹತ್ತು ದಿನ, ರಜೆ ಇದ್ದಾಗೆಲ್ಲ ಊರು ಸುತ್ತಿದೆವು. ಒಂದು ದಿನಕ್ಕೆ ಒಂದೇ ಜಾಗ, ಎರಡು ಗಂಟೆ, ಊಟಕ್ಕೆ ಮನೆಗೆ ವಾಪಸ್.

ಓಕ್ ರಿಡ್ಜ್ ಸ್ಮಶಾನದಲ್ಲಿರೋ ಲಿಂಕನ್ ಸಮಾಧಿಗೆ ಹೋದೆವು. ಎದುರಿಗೆ ಕಂಚಿನ ತಲೆ ಇದೆ, ಮೌಂಟ್ ರಶ್‌ಮೋರ್ ಕೆತ್ತಿಸಿದ ಬೋರ್ಗ್ಲಮ್ ಮಾಡಿದ್ದು. ಮೂಗು ಉಜ್ಜಿದರೆ ಅದೃಷ್ಟ ಅಂತ ಬಂದವರೆಲ್ಲ ಉಜ್ಜಿ ಉಜ್ಜಿ ಮೂಗೊಂದೇ ಫಳಫಳ. 1876ರಲ್ಲಿ ಕಳ್ಳರು ಲಿಂಕನ್ ಶವವನ್ನೇ ಕದಿಯೋಕೆ ಬಂದಿದ್ದರು, ಅದಕ್ಕೇ 1901ರಲ್ಲಿ ಪೆಟ್ಟಿಗೆಯನ್ನು ಹತ್ತು ಅಡಿ ಆಳಕ್ಕಿಳಿಸಿ ಕಾಂಕ್ರೀಟ್ ಹಾಕಿದರು. ಈ ಕಥೆಯನ್ನು ಮಗ ಅಜ್ಜಿಗೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಲ್ಲಿ ಹೇಳಿದ. ಎಡ್ಡಿ ಕೂಡ ಅಲ್ಲೇ ಇದ್ದಾನೆ, ಅಪ್ಪ ಅಮ್ಮನ ಜೊತೆ. ಅಮ್ಮ ಹೊರಗೆ ಕಿತ್ತ ಒಂದು ಹೂ ಇಟ್ಟು ಬಂದರು.

ಹಳೇ ವಿಧಾನಸೌಧ ನೋಡಿದೆವು. ಒಡೆದುಹೋದ ಮನೆ ನಿಲ್ಲದು ಅನ್ನೋ ಅರ್ಥದ ಪ್ರಸಿದ್ಧ ಭಾಷಣವನ್ನು ಲಿಂಕನ್ 1858ರಲ್ಲಿ ಮಾಡಿದ್ದು ಅಲ್ಲೇ. 1865ರಲ್ಲಿ ಅವರ ದೇಹವನ್ನು ದರ್ಶನಕ್ಕಿಟ್ಟಿದ್ದೂ ಅಲ್ಲೇ. 2007ರಲ್ಲಿ ಒಬಾಮಾ ಅಧ್ಯಕ್ಷ ಸ್ಥಾನಕ್ಕೆ ನಿಲ್ತೀನಿ ಅಂತ ಹೇಳಿದ್ದು ಅದರ ಮುಂದೆ. ವಾಷಿಂಗ್ಟನ್ ಪಾರ್ಕಿನಲ್ಲಿ 67 ಗಂಟೆಗಳ ಗೋಪುರ ಇದೆ, ಕೆಳಗೆ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ಲಿಂಕನ್ ಮ್ಯೂಸಿಯಮ್ಮಿಗೆ ಟಿಕೆಟ್ ಇದೆ, ಆದರೆ ಮಕ್ಕಳಿಗೆ ಆಡೋಕೆ ಬೇರೆ ಕೋಣೆಯೇ ಇರೋದ್ರಿಂದ ಮಗನಿಗೆ ಅದೇ ಇಷ್ಟ. ಹಾರ್ಸ್‌ಶೂ ಅನ್ನೋ ಊರಿನ ತಿಂಡಿ, ಅಂದರೆ ಬ್ರೆಡ್ಡಿನ ಮೇಲೆ ಮಾಂಸ, ಅದರ ಮೇಲೆ ಆಲೂಗಡ್ಡೆ ಫ್ರೈಸ್ ರಾಶಿ, ಅದರ ಮೇಲೆ ಚೀಸ್ ಸಾರು, ಅದು ನಮ್ಮವರ ಪಾಲಿಗೆ ಬಿಟ್ಟೆವು.

ಊರಿನ ನಾಚಿಕೆಯನ್ನೂ ಅಮ್ಮನಿಗೆ ತೋರಿಸಿದೆ. ಲಿಂಕನ್ ಊರಾದ ಇಲ್ಲೇ 1908ರ ಆಗಸ್ಟಲ್ಲಿ ಬಿಳಿಯರ ಗುಂಪು ಕಪ್ಪು ಜನರ ಮನೆ ಅಂಗಡಿ ಸುಟ್ಟು, ಇಬ್ಬರನ್ನು ನೇಣು ಹಾಕಿತು. ಅವರಲ್ಲೊಬ್ಬರು ಸುಮಾರು ಎಂಬತ್ತು ವರ್ಷದ ಚಪ್ಪಲಿ ಹೊಲಿಯೋ ಅಜ್ಜ. ಆ ಘಟನೆಯ ಆಘಾತದಿಂದಲೇ ಮರುವರ್ಷ ಎನ್‌ಎಎಸಿಪಿ ಹುಟ್ಟಿತು, ಕಪ್ಪು ಜನರ ಹಕ್ಕಿಗೆ ಹೋರಾಡೋ ದೊಡ್ಡ ಸಂಘ. ಸುಟ್ಟ ಮನೆಗಳ ತಳಪಾಯ ರೈಲ್ವೆ ಕಾಮಗಾರಿ ಸಮಯದಲ್ಲಿ ಸಿಕ್ಕವು, 2024ರಲ್ಲಿ ಆ ಜಾಗವನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ನನಗಿದನ್ನು ಮೊದಲು ಹೇಳಿದ್ದು ನನ್ನ ಜೊತೆ ಕೆಲಸ ಮಾಡೋ ಒಬ್ಬ ಹಿರಿಯ ಕಪ್ಪು ನರ್ಸ್. ‘ಲಿಂಕನ್ ಸಮಾಧಿ ನೋಡಿದೋರು ಇದನ್ನೂ ನೋಡಬೇಕು’ ಅಂದಿದ್ದರು. ಅಮ್ಮ ಕೇಳಿ, ‘ಎಲ್ಲಾ ಊರಲ್ಲೂ ಇದೆ ಇಂಥದ್ದು. ಇವರು ಬೋರ್ಡ್ ಹಾಕಿದ್ದಾರಲ್ಲ’ ಅಂದರು.

ಈಗ ನನ್ನ ಅಭಿಪ್ರಾಯ. ಅಪ್ಪ ಅಮ್ಮ ಇಲ್ಲಿಗೆ ಬರೋದು ಅಮೆರಿಕ ನೋಡೋಕೆ ಅಂತ ನಾವು ತಿಳ್ಕೊಂಡಿದ್ದೀವಿ. ಅವರು ಬರೋದು ನಮ್ಮನ್ನು ನೋಡೋಕೆ, ನಾವು ಬದುಕ್ತಿರೋ ಊರು ನೋಡೋಕೆ. ನಾವು ‘ಏನೂ ಇಲ್ಲ’ ಅಂತ ಹೇಳಿ, ಮೂರು ತಿಂಗಳು ಮನೆಯಲ್ಲಿ ಕೂರಿಸಿ, ಕೊನೆಗೆ ನಾಲ್ಕು ದಿನ ಓಡಾಡಿಸಿ ಫೋಟೋ ಹಾಕ್ತೀವಿ. ‘ಏಳು ಸಮುದ್ರ ದಾಟಿ ಬಂದೋರಿಗೆ ನಯಾಗರಾ ತೋರಿಸದೇ ಕಳಿಸೋದಾ?’ ಅಂತ ನಮ್ಮತ್ತಿಗೆ ಕೇಳಿದರು. ನ್ಯಾಯವಾದ ಪ್ರಶ್ನೆ. ಮಂಡಿ ಗಟ್ಟಿ ಇದ್ದೋರಿಗೆ ಖಂಡಿತ ತೋರಿಸಿ. ಆದರೆ ಅದೊಂದನ್ನೇ ನೆಚ್ಚಿಕೊಂಡು ಉಳಿದ ಎಂಬತ್ತು ದಿನ ಹಾಳು ಮಾಡಬೇಡಿ. ಮೊದಲ ವಾರದಲ್ಲೇ ನಿಮ್ಮ ಊರಿನ ಒಂದು ಜಾಗ ತೋರಿಸಿ.

ನರ್ಸಾಗಿ ಎರಡು ಮಾತು. ದೂರದ ಪ್ರಯಾಣ ಮಾಡಿಸೋದೇ ಆದರೆ ಬಿಪಿ, ಸಕ್ಕರೆ ಮಾತ್ರೆ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಿ ಚೆಕ್‌ಇನ್ ಮಾಡಬೇಡಿ. ಒಂದೆರಡು ಗಂಟೆಗೊಮ್ಮೆ ಎಬ್ಬಿಸಿ ನಡೆಸಿ, ಸುಮ್ಮನೆ ಕೂತೇ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇದೆ. ಬಾತ್‌ರೂಮಿಗೆ ಹೋಗಬೇಕಾಗುತ್ತೆ ಅಂತ ನಮ್ಮ ಅಮ್ಮಂದಿರು ನೀರೇ ಕುಡಿಯಲ್ಲ. ಕುಡಿಸಿ.

ಇನ್ನು ಊರಲ್ಲಿರೋ ನಿಮಗೆ. ಬೆಂಗಳೂರಿಂದ ನೆಂಟರು ಬಂದರೆ ನಾವು ಸಾಗರದವರು ಜೋಗಕ್ಕೆ ಹೊರಡಿಸ್ತೀವಿ. ಇಕ್ಕೇರಿ ಆರೇ ಕಿಲೋಮೀಟರ್. ಅಘೋರೇಶ್ವರ ದೇವಸ್ಥಾನ, ಎದುರಿಗೆ ಆ ದೊಡ್ಡ ನಂದಿ. ಅದೂ ಒಂದು ಕಾಲದ ರಾಜಧಾನಿ, ಕೆಳದಿಯೂ ರಾಜಧಾನಿ. ನಾನು ಸಾಗರದಲ್ಲಿ ಹುಟ್ಟಿ ಬೆಳೆದು ಇಕ್ಕೇರಿಗೆ ಹೋಗಿದ್ದು ಎರಡೇ ಸಲ, ಅದರಲ್ಲಿ ಒಂದು ಸ್ಕೂಲಿಂದ. ಕೆಳದಿ ಮ್ಯೂಸಿಯಂ ಒಳಗೆ ಕಾಲೇ ಇಟ್ಟಿಲ್ಲ. ನಿಮ್ಮಲ್ಲಿ ಎಷ್ಟು ಜನ ನಿಮ್ಮ ಮಕ್ಕಳನ್ನು ಕರ್ಕೊಂಡು ಹೋಗಿದ್ದೀರಿ? ಮನೆಯಲ್ಲಿರೋ ಅಜ್ಜ ಅಜ್ಜಿಯನ್ನು?

ಅಮ್ಮ ಊರು ಮುಟ್ಟಿ ಮೂರು ವಾರ ಆಯ್ತು. ಯಾರು ಮಾತಾಡಿಸಿದರೂ ಬೆಣ್ಣೆ ಹಸು ಮತ್ತು ಲಿಂಕನ್ ಹಿತ್ತಲಿನ ಕಥೆ ಹೇಳ್ತಾರಂತೆ, ನಯಾಗರಾ ಬಗ್ಗೆ ಕೇಳಿದರೆ ಫೋಟೋ ತೋರಿಸಿ ಬಿಡ್ತಾರಂತೆ. ಮುಂದಿನ ವರ್ಷ ಅತ್ತೆ ಮಾವ ಬರ್ತಿದ್ದಾರೆ. ಮಗ ಆಗಲೇ ಪಟ್ಟಿ ಮಾಡಿದ್ದಾನೆ: ಮೊದಲ ಭಾನುವಾರ ಲಿಂಕನ್ ಮನೆ, ಎರಡನೇದು ಮೂಗು ಉಜ್ಜೋದು.

ನಾಳೆ ಸಂಜೆ ಏಳಕ್ಕೆ ಡ್ಯೂಟಿ. ಮುಂದಿನ ಸಲ ಇಲ್ಲಿನ ಹಿಮದಲ್ಲಿ ಕಾರು ಓಡಿಸೋ ಪಾಡು ಬರೀತೀನಿ. ಬರೋ ವರ್ಷ ಅತ್ತೆ ಮಾವನ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸೋರು ಈಗಲೇ ಹೆಸರು ಹೇಳಿ. ಡಬ್ಬ ಸರಿಯಾಗಿ ಮುಚ್ಚಿ ಕಳಿಸಿ, ಹೋದ ಸಲ ಸೀರೆಗೆಲ್ಲ ಎಣ್ಣೆ ಆಗಿತ್ತು.