ಯಂತ್ರದ ಸ್ಮರಣೆಗೂ ಖಾತೆ ಬೇಕು

ಜಗಳೂರು ಸೀಮೆಯ ಅನಾವೃಷ್ಟಿಯನ್ನು ಬಲ್ಲವರಾರೂ ಅಲ್ಲಿಯ ಕೆರೆಗಳಿಗೆ ಹೊಳೆಯ ನೀರು ಬರುವುದನ್ನು ಅಲ್ಪವಿಷಯವೆಂದು ಎಣಿಸಲಾರರು. ತುಂಗಭದ್ರೆಯಿಂದ ನೀರನ್ನೆತ್ತುವ ಜಗಳೂರಿನ 57 ಕೆರೆಗಳ ಯೋಜನೆಯೂ, ಚನ್ನಗಿರಿಯ ಕಡೆಯ ಕೆರೆಗಳಿಗಾಗಿ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿ ಕೈಗೊಂಡ ಏತ ನೀರಾವರಿಯೂ ಪ್ರಜೆಗಳ ಹಣದಿಂದಾದ ಕಾರ್ಯಗಳು. ಇವುಗಳ ಕೊಳವೆ, ಮೋಟಾರುಗಳ ವಿಷಯವಾಗಿ ಚರ್ಚೆ ನಡೆಯುವುದುಂಟು. ಮೋಟಾರಿಗೆ ಅಪ್ಪಣೆಕೊಡುವ ಯಂತ್ರದ ಲೆಕ್ಕ ಯಾರ ಕೈಯಲ್ಲಿರಬೇಕೆಂಬುದನ್ನು ಮಾತ್ರ ಕೇಳುವವರಿಲ್ಲ.

ದೊಡ್ಡ ಪಂಪ್‌ಮನೆಗಳಲ್ಲಿ ಈಗ ಸಾಮಾನ್ಯವಾಗಿ ಈ ಕೆಲಸಕ್ಕೆ ಇಡತಕ್ಕದ್ದು ಪಿ.ಎಲ್.ಸಿ. ಎಂಬ ನಿಯಂತ್ರಕ. 1968-69ರಲ್ಲಿ ಅಮೆರಿಕದ ಮೋಟಾರು ಕಾರ್ಖಾನೆಗಳ ರಿಲೇ ಬೀರುಗಳಿಗೆ ಬದಲಾಗಿ ಹುಟ್ಟಿದ ಈ ಯಂತ್ರದ ಸ್ಮರಣೆಯು ಸಂಖ್ಯೆ ಹಾಕಿದ ಕೋಣೆಗಳ ಸಾಲು. ಕೆರೆಯ ಮಟ್ಟ ಒಂದು ಸಂಖ್ಯೆಯಲ್ಲಿ, ತೂಬಿನ ಸ್ಥಿತಿ ಇನ್ನೊಂದರಲ್ಲಿ, ಮೋಟಾರಿನ ಅಪ್ಪಣೆ ಮತ್ತೊಂದರಲ್ಲಿ. ಯಂತ್ರಕ್ಕೆ ಸೂಳೆಕೆರೆಯೂ ತಿಳಿಯದು, ಜಗಳೂರೂ ತಿಳಿಯದು, ಸಂಖ್ಯೆಯೊಂದೇ ತಿಳಿಯುವುದು.

ಕಂದಾಯದ ಅಧಿಕಾರಿಗಳಿಗೆ ಇದು ಹೊಸ ಮಾತಲ್ಲ. ಹೊನ್ನಾಳಿಯಿಂದ ನ್ಯಾಮತಿಯು ಬೇರೆ ತಾಲ್ಲೂಕಾದಾಗ ಭೂಮಿಯು ಅಂಗುಲವೂ ಕದಲಲಿಲ್ಲ. ಆದರೂ ಸರ್ವೆ ನಂಬರುಗಳ ದಾಖಲೆ ಕೈಯಲ್ಲಿಲ್ಲದಿದ್ದರೆ ಹೊಸ ಕಚೇರಿಯು ಯಾರ ಹೊಲವನ್ನು ತಾನೆ ಗುರುತಿಸೀತು?

ಪಟ್ಟಿಯಿಲ್ಲದಲ್ಲಿ ಆಗುವ ಅನರ್ಥಗಳು ಮೂರು ಬಗೆ. 1979ರಲ್ಲಿ ಹುಟ್ಟಿ ಇಂದಿಗೂ ಬಳಕೆಯಲ್ಲಿರುವ ಮಾಡ್‌ಬಸ್ ಪದ್ಧತಿಯಲ್ಲಿ, ಕೈಪಿಡಿಯ 40001ನೆಯ ಕೋಣೆಯು ತಂತಿಯ ಮೇಲೆ ಸೊನ್ನೆಯೆಂದು ಹೋಗುವುದು. ಈ ಒಂದರ ವ್ಯತ್ಯಾಸವನ್ನು ಮರೆತರೆ ನೆರೆಯ ಕೋಣೆಯ ಅಂಕಿಯೇ ಕೆರೆಯ ಮಟ್ಟವೆನಿಸುವುದು. ಎರಡನೆಯದಾಗಿ, 16 ಬಿಟ್ಟುಗಳ ಕೋಣೆಯಲ್ಲಿ ಸೊನ್ನೆಯಿಂದ 65535ರವರೆಗಿನ ಪೂರ್ಣಾಂಕ ಹಿಡಿಯುತ್ತದೆ. ದಶಾಂಶದ ಅಂಕಿಗೆ ಸಾಮಾನ್ಯವಾಗಿ ಎರಡು ಕೋಣೆ ಬೇಕು. ಎರಡನೆಯದು ಬರಿದೆಂದು ಬಗೆದು ಬೇರೊಬ್ಬನು ಅದರಲ್ಲಿ ಬರೆದರೆ ಮೊದಲಿನ ಲೆಕ್ಕ ಕೆಡುವುದು. ಮೂರನೆಯದಾಗಿ, ಕೆಲವು ಕೋಣೆಗಳು ವಿದ್ಯುತ್ತು ಹೋದರೂ ನೆನಪಿಡುವುವು, ಕೆಲವು ಅಳಿಸಿಹೋಗುವುವು. ಮೋಟಾರು ಓಡಿದ ಗಂಟೆಗಳನ್ನು ಅಳಿಯುವ ಕೋಣೆಯಲ್ಲಿಟ್ಟರೆ ವಿದ್ಯುತ್ತು ಹೋದಾಗಲೆಲ್ಲ ಲೆಕ್ಕ ಸೊನ್ನೆಯಿಂದ ಆರಂಭವಾಗುವುದು.

ಈಗಿನ ಯಂತ್ರಗಳಲ್ಲಿ ಸಂಖ್ಯೆಗೆ ಬದಲಾಗಿ ಹೆಸರನ್ನೇ ಬಳಸಬಹುದು, ಪಟ್ಟಿಯೇತಕ್ಕೆ ಎಂದು ಕೆಲವರು ಕೇಳಬಹುದು. 1993ರ ಅಂತರರಾಷ್ಟ್ರೀಯ ನಿಯಮವು ಹೆಸರುಗಳಿಗೆ ಅವಕಾಶ ಕೊಟ್ಟಿರುವುದು ನಿಜ. ಆದರೆ ಅನೇಕ ಮಾದರಿಗಳಲ್ಲಿ ಆ ಹೆಸರುಗಳು ಇರುವುದು ಬರೆದವನ ಕಂಪ್ಯೂಟರಿನಲ್ಲಿ, ಯಂತ್ರದಲ್ಲಲ್ಲ. ಆತನು ಹೋದನೆಂದರೆ ಉಳಿಯುವುದು ಬರಿಯ ಸಂಖ್ಯೆ.

ಆದಕಾರಣ, ಗುತ್ತಿಗೆದಾರನ ಕೊನೆಯ ಬಿಲ್ಲು ಸಲ್ಲುವ ಮೊದಲೇ ಇಲಾಖೆಯವರು ಪೂರ್ಣ ಪ್ರೋಗ್ರಾಮಿನ ಪ್ರತಿಯನ್ನೂ ಅದರ ಗುಪ್ತಪದವನ್ನೂ ಪಡೆಯತಕ್ಕದ್ದು. ಪ್ರತಿ ಸಂಖ್ಯೆಯ ಅರ್ಥ, ಅಳತೆ, ವಿದ್ಯುತ್ತು ಹೋದಾಗ ಉಳಿಯುವುದೋ ಅಳಿಯುವುದೋ ಎಂಬುದು, ಇವಿಷ್ಟನ್ನೂ ಕನ್ನಡದಲ್ಲಿ ಬರೆದ ಪಟ್ಟಿಯೊಂದು ಪಂಪ್‌ಮನೆಯಲ್ಲಿಯೂ ಎಂಜಿನಿಯರರ ಕಚೇರಿಯಲ್ಲಿಯೂ ಇರಬೇಕು. ಮಾಡಿದ ಪ್ರತಿ ಬದಲಾವಣೆಯೂ ತಾರೀಖು, ರುಜುವಿನೊಡನೆ ಅದರಲ್ಲಿ ಏರಬೇಕು. ಇದಕ್ಕೆ ತಗಲುವ ವೆಚ್ಚ ಕೆಲವು ಹಾಳೆ ಕಾಗದ ಮಾತ್ರ. ಕೊನೆಯ ಕೆರೆಯ ರೈತನು ತನ್ನೂರಿಗೆ ನೀರೇಕೆ ಬರಲಿಲ್ಲವೆಂದು ಕೇಳಿದ ದಿನ, ಉತ್ತರ ಹೇಳಬಲ್ಲವನು ಊರುಬಿಟ್ಟುಹೋದ ಗುತ್ತಿಗೆದಾರನೊಬ್ಬನೇ ಆಗಿರಬಾರದು.